ಕಾಶಿಬಾಯಿಯ ನೀರು, ವಾಜಿದಾಳ ಇದ್ದಿಲು

ಹೊಗೆಯ ಬಣ್ಣ ನೋಡಿ ಒಳಗಿನ ಕಟ್ಟಿಗೆ ಎಷ್ಟು ಬೆಂದಿದೆಯೆಂದು ಹೇಳುವ ಕಣ್ಣು ವಾಜಿದಾಳಿಗೆ ಗಂಡನಿಂದ ಬಂದದ್ದು. ಮೊದಲು ಬೆಳ್ಳಗೆ, ದಪ್ಪಗೆ ಬರುವುದು ಕಟ್ಟಿಗೆಯ ನೀರು. ಆಮೇಲೆ ಹಳದಿಯಾಗಿ ಮೂಗು ಸುಡುವುದು ಕಟ್ಟಿಗೆಯ ಎಣ್ಣೆ. ಕೊನೆಗೆ ನೀಲಿ, ಇದೆಯೋ ಇಲ್ಲವೋ ಅನ್ನುವಷ್ಟು ತೆಳು. ಆಗ ಭಟ್ಟಿಯ ಬಾಯಿಗೆ ಮಣ್ಣು ಮೆತ್ತಿ ಬಿಡಬೇಕು. ಬೇಗ ಮೆತ್ತಿದರೆ ಅರೆಬೆಂದ ಕೊಳ್ಳಿ, ತಡವಾದರೆ ಬೂದಿ. ಕಾಸಿಮಸಾಬ ಈ ಕೆಲಸವನ್ನು ಹೆಂಡತಿಗೆ ಕಲಿಸಬೇಕೆಂದು ಕಲಿಸಿದವನಲ್ಲ. ಕೆಮ್ಮು ಹೆಚ್ಚಾಗಿ ಭಟ್ಟಿಯ ಹತ್ತಿರ ನಿಲ್ಲಲಾಗದೆ ದೂರದ ಕಲ್ಲಿನ ಮೇಲೆ ಕುಳಿತು, "ಈಗ ಯಾ ಬಣ್ಣ ಐತಿ ನೋಡ" ಎಂದು ಕೂಗುತ್ತಿದ್ದ. ಅವಳು ನೋಡಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಕಲಿತಳು. ಅವನು ಹೋಗಿ ಆರು ವರ್ಷವಾದ ಮೇಲೂ ಹೊಗೆ ನೀಲಿಯಾದಾಗ ಅವಳ ತಲೆ ಆ ಕಲ್ಲಿನ ಕಡೆ ತಾನಾಗಿ ತಿರುಗುತ್ತದೆ.

ಕಬ್ಬೂರಿನಾಚೆ, ರಸ್ತೆ ಬಿಟ್ಟು ಕಬ್ಬಿನ ನಡುವೆ ಹೋದರೆ ಭೂಮಿ ಮೆಲ್ಲಗೆ ಮೇಲೇರಿ ಕಲ್ಲಾಗುತ್ತದೆ. ಅದೇ ಜಾಲಿಮಡ್ಡಿ. ಹದಿನೆಂಟು ಮನೆ. ಹಿಂದೆ ಅರಣ್ಯ ಇಲಾಖೆಯ ಕುರುಚಲು ಕಾಡು, ಮುಂದೆ ಹಳ್ಳ. ಅಥಣಿಯ ಕಡೆಯಿಂದ ಹದಿನೇಳರ ಹುಡುಗಿಯಾಗಿ ವಾಜಿದಾ ಇಲ್ಲಿಗೆ ಬಂದಾಗ ಕಾಸಿಮಸಾಬನ ಹತ್ತಿರ ಮೆಹರಿಗೆ, ಅಂದರೆ ಲಗ್ನದಲ್ಲಿ ಹೆಣ್ಣಿನ ಹೆಸರಿಗೆ ಬರೆಯುವ ಹಕ್ಕಿಗೆ, ಕೊಡಲು ಬಂಗಾರ ಇರಲಿಲ್ಲ. ಇದ್ದದ್ದು ಒಂದು ಬಾವಿಯಲ್ಲಿ ಅರ್ಧ ಪಾಲು. ಕಾಜಿಯವರು ಪೆನ್ನು ತಡೆದು, "ಬಾವಿ ಬರೀಲೇನು?" ಎಂದು ಕೇಳಿದರಂತೆ. ವಾಜಿದಾಳ ಅಪ್ಪ ನಕ್ಕು, "ಬರೀರಿ. ಬಂಗಾರ ಕುಡ್ಯಾಕ ಬರೂದಿಲ್ಲ" ಅಂದನಂತೆ. ಹೀಗೆ ಅರ್ಧ ಬಾವಿ ಅವಳದಾಯಿತು. ಇನ್ನರ್ಧ ಪಕ್ಕದ ಹೊಲದ ಕಾಕಾಸಾಹೇಬರದು. ಬಾವಿ ಎರಡು ಹೊಲದ ಬದುವಿನ ಮೇಲೆ ಇದ್ದುದರಿಂದ ಎರಡು ಕಡೆಗೂ ನೀರು ಸೇದುವ ಒಂದೊಂದು ಗಾಲಿ. ಈ ಕಡೆ ಇವಳು ಹಗ್ಗ ಬಿಟ್ಟರೆ ಆ ಕಡೆ ಕಾಕಾಸಾಹೇಬರ ಹೆಂಡತಿ ಕಾಶಿಬಾಯಿ ಬಿಡುತ್ತಿದ್ದಳು. ನಲವತ್ತು ವರ್ಷಗಳಲ್ಲಿ ಇಬ್ಬರೂ ಆಡಿದ ಮಾತೆಲ್ಲ ಹೆಚ್ಚಾಗಿ ಆ ಬಾವಿಯ ಬಾಯಿಯ ಮೇಲೆ, ಎದುರುಬದುರು ನಿಂತು ಆಡಿದ್ದು.

ಕಾಶಿಬಾಯಿ ಜೈನರ ಮನೆಯವಳು. ನೀರನ್ನು ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತಿದ್ದಳು. ಸೋಸಿದ ಮೇಲೆ ಬಟ್ಟೆಯನ್ನು ಮಗುಚಿ, ಅದರ ಮೇಲೆ ಸ್ವಲ್ಪ ನೀರು ಹಾಕಿ, ಆ ನೀರನ್ನು ಮತ್ತೆ ಬಾವಿಗೇ ಬಿಡುತ್ತಿದ್ದಳು. ಮೇಲಿನಿಂದ ಸುರಿಯುತ್ತಿರಲಿಲ್ಲ. ಕೊಡವನ್ನು ನೀರಿನ ತನಕ ಇಳಿಸಿ ಮೆಲ್ಲಗೆ ಬಾಗಿಸುತ್ತಿದ್ದಳು. ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ತಾವು ಹೋಗಲಿ ಅಂತ. ಹೊಸದರಲ್ಲಿ ವಾಜಿದಾ ಬಿದ್ದು ಬಿದ್ದು ನಕ್ಕಿದ್ದಳು. "ವೈನಿ, ಅವಕ್ಕ ಬಸ್ ಚಾರ್ಜೂ ಕೊಟ್ಟ ಕಳಸ್ರಿ." ಕಾಶಿಬಾಯಿಯೂ ನಗುತ್ತಿದ್ದಳು, ಆದರೆ ಹಗ್ಗ ಇಳಿಸುವ ಕೈ ಮಾತ್ರ ಅವಸರ ಮಾಡುತ್ತಿರಲಿಲ್ಲ.

ಒಂಬತ್ತು ವರ್ಷದ ಹಿಂದೆ, ಮುನಿಗಳು ಚಾತುರ್ಮಾಸಕ್ಕೆ ಬಂದ ವರ್ಷ, ಕಾಶಿಬಾಯಿ ವ್ರತ ತೆಗೆದುಕೊಂಡಳು. ಬಾವಿಯ ನೀರು ಮಾತ್ರ. ಅದೂ ಸ್ವತಃ ಸೇದಿ, ಸೋಸಿ, ಕಾಯಿಸಿದ್ದು. ನಳದ ನೀರಿಲ್ಲ, ಬೋರಿನ ನೀರಿಲ್ಲ, ಬಾಟಲಿ ನೀರಿಲ್ಲ. ಕಾಯಿಸಿದ ನೀರಿಗೆ ಒಂದು ದಿನದ ಆಯುಷ್ಯ, ಮರುದಿನ ಹೊಸದು. ಆ ನೀರಿನ ತಾಮ್ರದ ಹಂಡೆಯನ್ನು ಸ್ನಾನ ಮಾಡದೆ ಸೊಸೆಯೂ ಮುಟ್ಟುವಂತಿರಲಿಲ್ಲ. ವಾಜಿದಾಳಂತೂ ಮುಟ್ಟುವ ಮಾತೇ ಇರಲಿಲ್ಲ. ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕಾಶಿಬಾಯಿ ಹಂಡೆ ಹೊತ್ತು ಬಂದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದಳು. ಹಬ್ಬಕ್ಕೆ ಕೊಟ್ಟ ಶ್ಯಾವಿಗೆ, ಕೊಂಡುಹೋದ ಮೊಸರಿನ ಹೆಪ್ಪು, ಒಬ್ಬರ ಜ್ವರಕ್ಕೆ ಒಬ್ಬರು ಎದ್ದು ಕುಳಿತ ರಾತ್ರಿ, ಎಲ್ಲವೂ ಆ ಎರಡು ಹೆಜ್ಜೆಯ ಆಚೀಚೆಯೇ ನಡೆದಿದ್ದವು. ನೋವೆಂದು ಅವಳು ಎಂದೂ ಅಂದುಕೊಂಡಿರಲಿಲ್ಲ.

ನೀರು ಕೆಟ್ಟದ್ದು ಮೂರು ಹಂಗಾಮಿನ ಹಿಂದೆ. ಮೇಲಿನ ಕಡೆ ಇರುವ ಕಾರ್ಖಾನೆ ಕಬ್ಬು ನುರಿಸಲು ಶುರು ಮಾಡಿದ ಹದಿನೈದು ದಿನಕ್ಕೆ ಹಳ್ಳ ಚಹಾದ ಬಣ್ಣಕ್ಕೆ ತಿರುಗಿತು. ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಬಾವಿಗೆ ಹಳ್ಳದ ಸೆಲೆಯೇ ಇದ್ದದ್ದರಿಂದ ಅದೂ ಒಂದು ತಿಂಗಳಲ್ಲಿ ಹಳದಿಯಾಯಿತು. ಹಳಸಿದ ಬೆಲ್ಲದಂಥ, ಅದರ ಹಿಂದೆ ಸತ್ತ ಇಲಿಯಂಥ ವಾಸನೆ. ಅರ್ಜಿ ಬರೆದರು, ಅಳೆಯುವವರು ಬಂದರು, ಬಾಟಲಿಯಲ್ಲಿ ತುಂಬಿಕೊಂಡು ಹೋದರು. ಆಮೇಲೆ ಎರಡು ದಿನಕ್ಕೊಮ್ಮೆ ಟ್ಯಾಂಕರ್ ಬರತೊಡಗಿತು, ಮನೆಗೆ ಹತ್ತು ಕೊಡ. ಜಾಲಿಮಡ್ಡಿ ಟ್ಯಾಂಕರಿಗೆ ಹೊಂದಿಕೊಂಡಿತು. ಕಾಕಾಸಾಹೇಬರೂ ಟ್ಯಾಂಕರಿನ ನೀರನ್ನೇ ಕುಡಿದರು. ಅವರ ಎಂಟು ಎಕರೆ ಕಬ್ಬು ಹೋಗುವುದು ಅದೇ ಕಾರ್ಖಾನೆಗೆ. ಹಾಗಾಗಿ ಅರ್ಜಿಗೆ ಸಹಿ ಮಾಡುವಾಗ, "ನಾ ಕನ್ನಡಕ ಮನ್ಯಾಗ ಬಿಟ್ಟ ಬಂದೇನಿ" ಅಂದಿದ್ದರು.

ಕಾಶಿಬಾಯಿ ಒಬ್ಬಳು ಬಾವಿ ಬಿಡಲಿಲ್ಲ.

ಬೇರೆ ಬಾವಿ ಇರಲಿಲ್ಲವೆಂದಲ್ಲ. ಕಬ್ಬೂರಿನಲ್ಲಿ ಬಸದಿಯ ಬಾವಿ ಇತ್ತು. ಕಾಕಾಸಾಹೇಬರು ಒಂದು ತಿಂಗಳು ಅವಳನ್ನು ದಿನಾ ಬೆಳಗ್ಗೆ ಗಾಡಿಯ ಹಿಂದೆ ಕೂರಿಸಿಕೊಂಡು ಹೋಗಿ ಸೇದಿಸಿ ತಂದರು. ಮಳೆಯಲ್ಲಿ ಇಬ್ಬರೂ ಕೊಡದ ಸಮೇತ ಜಾರಿ ಬಿದ್ದ ಮೇಲೆ ಅದು ನಿಂತಿತು. ಬಿದ್ದಾಗ ಕಾಕಾಸಾಹೇಬರ ಸೊಂಟ ಹಿಡಿಯಿತು, ಕಾಶಿಬಾಯಿಯ ಮಣಿಕಟ್ಟು ಬಾತಿತು. ಆಮೇಲೆ ಅವಳು ತನ್ನ ಬಾವಿಯ ಹಳದಿ ನೀರನ್ನೇ ಸೋಸಿ, ಕಾಯಿಸಿ, ಮೂಗು ಬಿಗಿ ಹಿಡಿದು ಕುಡಿದಳು. ಬಾಯಲ್ಲಿ ಹುಣ್ಣಾಯಿತು. ಕುಡಿಯುವುದು ಕಡಿಮೆಯಾಯಿತು. ಸೀರೆಯ ನೆರಿಗೆ ದಿನದಿಂದ ದಿನಕ್ಕೆ ಹೆಚ್ಚಾಗುವುದನ್ನು ವಾಜಿದಾ ಬಾವಿಯ ಈ ಕಡೆಯಿಂದ ನೋಡುತ್ತಿದ್ದಳು.

"ವೈನಿ, ದೇವರೂ ಇಷ್ಟ ಹಟಾ ಮಾಡಂಗಿಲ್ರಿ."

"ಹಟಾ ಅಲ್ಲ ವಾಜಿದಾ. ಮಾತ ಕೊಟ್ಟೇನಿ. ನೀ ರೋಜಾ ಹಿಡದಾಗ ನಾ ಯಾವಾಗರೆ ಒಂದ ಗುಟುಕ ಕುಡಿ ಅಂದೇನೇನು?"

ವಾಜಿದಾ ತನ್ನ ಕಡೆಯ ಹಗ್ಗ ಇಳಿಬಿಟ್ಟಳು.

ಸುಹಾಸ ಬಂದದ್ದು ಆ ಸಮಯಕ್ಕೆ. ನಿಪ್ಪಾಣಿಯವನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಕಾಡಿನಲ್ಲಿ ಬಿದ್ದು ಹಾಳಾಗುವ ಜಾಲಿಯ ಟೊಂಗೆ, ಒಣಗಿದ ಲಂಟಾನ ಇವುಗಳನ್ನೆಲ್ಲ ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕೆಟ್ಟ ನೀರು ತಿಳಿ ಮಾಡಬಹುದೆಂದು ಅವನು ಬರೆದುಕೊಂಡಿದ್ದ. ಬರೆದುಕೊಂಡಿದ್ದನೇ ಹೊರತು ಇದ್ದಿಲು ಸುಟ್ಟವನಲ್ಲ. ಮೊದಲ ದಿನ ಎರಡು ಡ್ರಮ್ಮು ತಂದು, ಒಂದರೊಳಗೊಂದು ಇಟ್ಟು, ಉರಿ ಹಚ್ಚಿ, ಹುಬ್ಬು ಸುಟ್ಟುಕೊಂಡ. ವಾಜಿದಾ ದೂರದಿಂದ ನೋಡಿ ತಡೆಯಲಾರದೆ ಬಂದಳು.

"ಸರ್, ಸರೀರಿ ಅತ್ಲಾಗ. ಹೊಗಿ ಇನ್ನಾ ಹಳದಿ ಐತಿ, ಈಗ ಬಾಯಿ ತಗದ್ರ ಅದು ಕಟ್ಟಿಗಿನೂ ಅಲ್ಲ ಇಜ್ಜಲಾನೂ ಅಲ್ಲ."

"ನಿಮಗ ಹೆಂಗ ಗೊತ್ತು ಚಾಚಿ?"

"ನಿಮ್ಮ ಪುಸ್ತಕದಾಗ ಹೊಗಿ ಬರೂದಿಲ್ಲಲ್ರಿ, ಅದಕ್ಕ."

ಅವನು ನಕ್ಕು ಸರಿದು ನಿಂತ. ಅಂದಿನಿಂದ ಸುಡುವುದು ವಾಜಿದಾಳ ಕೆಲಸ, ಬರೆಯುವುದು ಅವನ ಕೆಲಸ. ಬಿದ್ದ ಒಣ ಟೊಂಗೆ ಆಯಲು ಅರಣ್ಯದವರ ಚೀಟಿಯನ್ನೂ ಅವನೇ ಕೊಡಿಸಿದ.

ಆದರೆ ನೀರಿಗಾಗಿ ಸುಡುವ ಇದ್ದಿಲು ಬೇರೆಯೇ ಜಾತಿ. ಕಾಸಿಮಸಾಬನ ಭಟ್ಟಿಯಲ್ಲಿ ಮಣ್ಣು ಮೆತ್ತಿ ನಾಲ್ಕು ದಿನ ಬಿಟ್ಟರೆ ಇದ್ದಿಲು ತಾನೇ ಆರುತ್ತಿತ್ತು. ಅದಕ್ಕೆ ನೀರು ಸೋಕಿಸುವುದೆಂದರೆ ಮಾಲು ಕೆಡಿಸಿದಂತೆ. ಇಲ್ಲಿ ಹಾಗಲ್ಲ. ಡ್ರಮ್ಮು ಕೆಂಪಾಗುವ ತನಕ ಸುಟ್ಟು, ಹೊಗೆ ಪೂರ್ತಿ ನಿಂತ ಕೂಡಲೇ ಮುಚ್ಚಳ ತೆಗೆದು, ಕೆಂಡದ ಮೇಲೆಯೇ ನೀರು ಸುರಿಯಬೇಕು. ಸುಹಾಸ ಮುಷ್ಟಿ ಬಿಗಿದು ಬಿಚ್ಚಿ ತೋರಿಸಿದ.

"ಒಳಗ ಸಣ್ಣ ಸಣ್ಣ ತೂತ ಇರತಾವ ಚಾಚಿ, ಲಕ್ಷಗಟ್ಟಲೆ. ನೀರ ಬಿದ್ದ ಕೂಡ್ಲೆ ಬಿಚ್ಚಿಕೊಂಡ ಬಿಡತಾವ. ಆಮ್ಯಾಲ ಇದು ಬಾಯಾರಿದ ಇಜ್ಜಲ. ಹೊಲಸ ಕಂಡ್ರ ಜಗ್ಗಿ ಕುಡೀತೈತಿ."

ಮೊದಲ ಸಲ ನೀರು ಅವನೇ ತಂದ. ನಿಪ್ಪಾಣಿಯಿಂದ, ಕಾರಿನ ಡಿಕ್ಕಿಯಲ್ಲಿ, ಆರು ಕ್ಯಾನು. ಆರಿದ ಇದ್ದಿಲನ್ನು ಕುಟ್ಟಿ, ಜರಡಿ ಹಿಡಿದು, ತೊಳೆದು, ಗಡಿಗೆಯಲ್ಲಿ ಒಂದು ಪದರು ಉಸುಕು, ಒಂದು ಪದರು ಇದ್ದಿಲು, ಮತ್ತೆ ಉಸುಕು ಹಾಕಿದರು. ಬಾವಿಯ ನೀರು ಮೇಲಿನಿಂದ ಹಳದಿಯಾಗಿ ಹೋಗಿ ಕೆಳಗೆ ಕಣ್ಣೀರಿನ ಹಾಗೆ ಇಳಿಯಿತು. ವಾಜಿದಾ ಮೂಸಿ ನೋಡಿದಳು. ಏನೂ ಇರಲಿಲ್ಲ. ಸುಹಾಸ ಪರೀಕ್ಷೆಗೆ ಕಳಿಸಿ, ಹತ್ತು ದಿನ ಬಿಟ್ಟು ಫೋನು ಮಾಡಿ, ಈ ಗಡಿಗೆಯ ನೀರು ಕುಡಿಯಬಹುದು, ಆದರೆ ಇದ್ದಿಲು ಮೂರು ವಾರಕ್ಕೆ ಬದಲಿಸಬೇಕು ಎಂದ.

ಕಾಶಿಬಾಯಿ ಒಂದು ಇಡೀ ದಿನ ಯೋಚಿಸಿದಳು. ನೀರು ತನ್ನ ಬಾವಿಯದು, ಸೇದುವವಳು ತಾನು, ಸೋಸಿ ಕಾಯಿಸುವವಳು ತಾನು. ನಡುವೆ ಈ ಕರಿ ಪುಡಿ ಒಂದು. ಮರುದಿನ ಬಾವಿಯ ಹತ್ತಿರ ಬಂದು, "ಬೆಂಕ್ಯಾಗ ಸುಟ್ಟದ್ದಕ್ಕ ಎಲ್ಲಿ ಮೈಲಿಗಿ?" ಅಂದಳು.

ಗಡಿಗೆಗಳು ಕಾಶಿಬಾಯಿಯ ಅಡುಗೆಮನೆಯ ಮೂಲೆ ಸೇರಿದವು. ವಾಜಿದಾ ಇದ್ದಿಲನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಹೊಸ್ತಿಲ ಹೊರಗೆ ಇಡುತ್ತಿದ್ದಳು, ಒಳಗಿನದೆಲ್ಲ ಕಾಶಿಬಾಯಿಯೇ. ಮೂರು ವಾರ ಅವಳ ಮುಖ ನೋಡಬೇಕಿತ್ತು. ಹುಣ್ಣು ಮಾಯಿತು. ಬಾವಿಯ ಮೇಲೆ ನಿಂತು ಹಳೆಯ ಹಾಗೆ ಹರಟಿದಳು. ವಾಜಿದಾಳಿಗೆ ತನ್ನ ಮೆಹರು ತನಗೆ ಎರಡನೆಯ ಸಲ ಸಿಕ್ಕಂತೆ ಅನಿಸಿತು.

ಎರಡನೆಯ ಸಲ ಸುಹಾಸ ಇರಲಿಲ್ಲ. ಕಾಲೇಜಿನಲ್ಲಿ ಪರೀಕ್ಷೆ, ಆಮೇಲೆ ಪೇಪರ್ ತಿದ್ದುವುದು. "ನಿಮಗ ಎಲ್ಲಾ ಗೊತ್ತೈತಲ್ಲ ಚಾಚಿ" ಎಂದ ಫೋನಿನಲ್ಲಿ. ಹೌದು, ಅವಳಿಗೆ ಎಲ್ಲ ಗೊತ್ತಿತ್ತು. ಜಾಲಿ ಆಯ್ದಳು, ತುಂಡು ಮಾಡಿದಳು, ಡ್ರಮ್ಮಿಗೆ ಒತ್ತಿ ತುಂಬಿದಳು, ಹೊಗೆ ಕಾದಳು. ಹೊಗೆ ನಿಂತಿತು. ಮುಚ್ಚಳ ತೆಗೆದಳು. ಒಳಗೆ ಕೆಂಡ ದಾಳಿಂಬೆಯ ಹಾಗೆ ಹೊಳೆಯುತ್ತಿತ್ತು.

ಎಂಟು ಕೊಡ ನೀರು ಬೇಕು. ಮನೆಯಲ್ಲಿ ಟ್ಯಾಂಕರಿನ ಹತ್ತು ಕೊಡ ನೀರಿತ್ತು, ಎರಡು ದಿನದ್ದು. ಹಿಂದಿನ ದಿನ ಅದಕ್ಕಾಗಿ ಬಿಸಿಲಿನಲ್ಲಿ ಒಂದು ತಾಸು ನಿಂತಿದ್ದಳು. ಮುಂದೆ ನಿಂತವರ ಬೈಗುಳ ತಿಂದಿದ್ದಳು. ಅದನ್ನು ಎತ್ತಿ ಬೆಂಕಿಗೆ ಸುರಿಯುವುದೆಂದರೆ ಕೈ ಬರಲಿಲ್ಲ. ಕುಡಿಯುವ ನೀರನ್ನು ಚೆಲ್ಲಿದವರಿಗೆ ನಾಳೆ ದೇವರ ಮುಂದೆ ಲೆಕ್ಕ ಕೊಡಬೇಕಾಗುತ್ತದೆಂದು ಅವಳ ಅವ್ವ ಹೇಳುತ್ತಿದ್ದಳು. ಹಳ್ಳ ಹತ್ತು ಹೆಜ್ಜೆಯಲ್ಲಿತ್ತು. ಯಾರಿಗೂ ಬೇಡದ ನೀರು. ಬೆಂಕಿ ಆರಿಸಲು ಯಾವ ನೀರಾದರೇನು?

ಎಂಟು ಕೊಡ ಹಳ್ಳದ ನೀರು ತಂದು ಸುರಿದಳು. ಕೆಂಡ ಚುಂಯ್ ಎಂದು ಕೂಗಿ, ಬೆಲ್ಲ ಕಾಯಿಸುವಾಗಿನ ವಾಸನೆ ಎದ್ದು, ಆವಿಯಲ್ಲಿ ಅವಳ ಮುಖ ತೊಯ್ದಿತು. ಆಮೇಲೆ ಒಣಗಿಸಿ, ಕುಟ್ಟಿ, ಪದ್ಧತಿಯಂತೆ ಟ್ಯಾಂಕರಿನ ಎರಡು ಕೊಡದಲ್ಲಿ ತೊಳೆದಳು. ತೊಳೆದ ನೀರು ಸ್ವಲ್ಪ ಕಂದು ಬಣ್ಣಕ್ಕಿತ್ತು. ಬೂದಿ ಇರಬೇಕು ಅಂದುಕೊಂಡಳು. ಹೊಸ ಬಟ್ಟೆಯಲ್ಲಿ ಕಟ್ಟಿ ಕಾಶಿಬಾಯಿಯ ಹೊಸ್ತಿಲಿಗೆ ಒಯ್ದಳು.

ಮೂರನೆಯ ಸಲವೂ ಹಾಗೇ ಮಾಡಿದಳು.

"ನೀರ ಹೆಂಗದಾವ ವೈನಿ?" ಎಂದು ಬಾವಿಯ ಮೇಲೆ ಕೇಳುತ್ತಿದ್ದಳು.

"ಛಲೋ ಅದಾವ" ಎನ್ನುತ್ತಿದ್ದಳು ಕಾಶಿಬಾಯಿ, ಹಗ್ಗ ಎಳೆಯುತ್ತ.

ಅಷ್ಟೇ ಮಾತು. ಗಡಿಗೆಯ ಕೆಳಗಿನ ಹಂಡೆಯನ್ನು ಮುಟ್ಟುವಂತಿಲ್ಲದ ವಾಜಿದಾ ಆ ನೀರನ್ನು ನೋಡಲೂ ಇಲ್ಲ, ಮೂಸಲೂ ಇಲ್ಲ. ಹೊಸ್ತಿಲ ಹೊರಗೆ ನಿಂತು ನೋಡಿದರೆ ಅಡುಗೆಮನೆಯ ಮೂಲೆ ಕತ್ತಲು. ಕಾಶಿಬಾಯಿ ಮತ್ತೆ ತೆಳ್ಳಗಾಗುತ್ತಿದ್ದಳು. ಕಾಲು ಬಾತುಕೊಳ್ಳುತ್ತಿದ್ದವು. ವಯಸ್ಸು ಅಂದರು ಕಾಕಾಸಾಹೇಬರು. ಚಿಕ್ಕೋಡಿಯ ಡಾಕ್ಟರು ಮೂತ್ರಪಿಂಡದ ಹೆಸರು ಹೇಳಿ, ನೀರು ಹೆಚ್ಚು ಕುಡಿಯಿರಿ ಎಂದು ಚೀಟಿ ಬರೆದರು. ಅವಳು ಹೆಚ್ಚು ಕುಡಿದಳು. "ನಿಮ್ಮ ವೈನಿ ನೀರ ಕುಡ್ಯೂದ ನೋಡ್ರಿ ವಾಜಿದಾಬಿ" ಎಂದು ಕಾಕಾಸಾಹೇಬರು ಒಂದು ದಿನ ಚೇಷ್ಟೆ ಮಾಡಿದರು. "ಕಷಾಯಾ ಕುಡದಂಗ ಮಾರಿ ಮಾಡತಾಳ. ಲಗ್ನದಾಗ ನನ್ನ ನೋಡಿದಾಗನೂ ಹಿಂಗ ಮಾಡಿದ್ಲು." ಎಲ್ಲರೂ ನಕ್ಕರು. ವಾಜಿದಾಳೂ ನಕ್ಕಳು. ಆ ನಗು ಆಮೇಲೆ ಅವಳಿಗೆ ಬಹಳ ದಿನ ಮುಳ್ಳಿನ ಹಾಗೆ ಉಳಿಯಿತು.

ಫೆಬ್ರುವರಿ ಕೊನೆಗೆ ಸುಹಾಸ ಬಂದ. ಕಾಶಿಬಾಯಿಯ ಮನೆಯಿಂದ ಒಂದು ಬಾಟಲಿ ನೀರು ತುಂಬಿಸಿಕೊಂಡು ಹೋದ. ನಾಲ್ಕನೆಯ ದಿನ ಫೋನು ಮಾಡದೆ ಸ್ವತಃ ಬಂದ. ಕೈಯಲ್ಲಿ ಕಾಗದ ಇತ್ತು. ವಾಜಿದಾ ಅಂಗಳದಲ್ಲಿ ಇದ್ದಿಲು ಕುಟ್ಟುತ್ತಿದ್ದಳು.

"ಚಾಚಿ, ಈ ಸಲ ಎಷ್ಟೊತ್ತ ಸುಟ್ರಿ?"

"ಹೊಗಿ ನಿಲ್ಲೂ ತನಕ. ಯಾಕ್ರಿ?"

"ಕಟ್ಟಿಗಿ ಜಾಲೀದ ಹೌದಲ್ಲ?"

"ಜಾಲೀದ."

ಅವನು ಕುಟ್ಟಿದ ಪುಡಿಯನ್ನು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದ.

"ಆರಸಾಕ ಯಾ ನೀರ ಹಾಕಿದ್ರಿ?"

"ಹಳ್ಳದ್ದ. ಛಲೋ ನೀರ ಯಾರರೆ ಬೆಂಕಿಗಿ ಸುರೀತಾರೇನ್ರಿ ಸರ್?"

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಲೆ ತಗ್ಗಿಸಿ, "ನಾ ಹೇಳಬೇಕಾಗಿತ್ತು" ಎಂದ. "ಹೇಳೂದ ಬ್ಯಾಡ ಅಂತ ತಿಳ್ಕೊಂಡೆ. ನಮ್ಮಲ್ಲೆ ನಳಾ ತಿರಿವಿದ್ರ ನೀರ ಬರತೈತಿ ಚಾಚಿ, ನನಗ ನೆನಪಾಗಲೇ ಇಲ್ಲ."

ವಿವರಿಸುವುದು ಬೇಕಾಗಲಿಲ್ಲ. ಬಾಯಾರಿದ್ದು ಮೊದಲು ಸಿಕ್ಕಿದ್ದನ್ನು ಕುಡಿಯುತ್ತದೆ. ಲಕ್ಷಗಟ್ಟಲೆ ಬಾಯಿ ಬಿಚ್ಚಿದ ಹೊತ್ತಿಗೆ ಅವಳು ಅದಕ್ಕೆ ಕಾರ್ಖಾನೆಯ ಹೊಲಸನ್ನೇ ಎಂಟು ಕೊಡ ಕುಡಿಸಿದ್ದಳು. ಹೊಟ್ಟೆ ತುಂಬಿದ ಇದ್ದಿಲು ಬಾವಿಯ ನೀರಿನಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ತನ್ನೊಳಗಿನದನ್ನೇ ದಿನಾ ಸ್ವಲ್ಪ ಸ್ವಲ್ಪ ಬಿಟ್ಟುಕೊಡುತ್ತ ಬಂದಿತ್ತು. ವಾಜಿದಾ ಕೈಯಲ್ಲಿನ ಒನಕೆಯನ್ನು ಗೋಡೆಗೆ ಒರಗಿಸಿದಳು. ಅದು ಜಾರಿ ಬಿತ್ತು. ಎತ್ತಿ ಮತ್ತೆ ಒರಗಿಸಿದಳು.

ಕಾಶಿಬಾಯಿ ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿ ಕುಳಿತಿದ್ದಳು. ವಾಜಿದಾ ಹೊಸ್ತಿಲ ಹತ್ತಿರ ಕುಳಿತಳು. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟುಹೋಯಿತು.

"ವೈನಿ, ಹಿಂದಿನ ಎರಡು ಸಲದ ಇಜ್ಜಲ ಹಳ್ಳದ ನೀರ ಹಾಕಿ ಆರಿಸಿದ್ನಿ. ಅದು ಕೆಟ್ಟಿತ್ತು."

"ಗೊತ್ತೈತಿ."

"ಯಾವಾಗಿಂದ?"

"ಮೂರನೇ ದಿನದಿಂದ. ಕಾಕಂಬಿ ನಾತಾ ಬರತಿತ್ತು."

"ಮತ್ತ ಹೇಳಲಿಲ್ಲ ಯಾಕ್ರಿ? ಬಾವೀ ಮ್ಯಾಲ ದಿನಾ ಕೇಳತಿದ್ನಿ!"

"ಏನ ಹೇಳ್ಲಿ?" ಕಾಶಿಬಾಯಿ ತನ್ನ ಬಾತ ಪಾದ ನೋಡುತ್ತ ಅಂದಳು. "ಜಾಲಿಮುಳ್ಳ ನಟ್ಟು ನಿನ್ನ ಕೈ ಕೀವಾಗಿದ್ದವು. ಆ ಕೈಲೆ ಗಂಟ ಕಟ್ಟಿ ತಂದ ಹೊಸ್ತಿಲದಾಗ ಇಟ್ಟ ಹೋಗತಿದ್ದಿ. ಛಲೋ ಇಲ್ಲ ಅಂದ್ರ ಮತ್ತ ಕಾಡಿಗೆ ಹೋಗಾಕಿ."

"ಹೋಗತಿದ್ನಿ! ಅದಕ್ಕ ವಿಷಾ ಕುಡದಿ ಏನ ನೀನು?"

ನಲವತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಏಕವಚನ ಬಂದಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡರು. ಯಾರೂ ತಿದ್ದಲಿಲ್ಲ.

"ನೀನೂ ಹಳ್ಳದ ನೀರ ಹಾಕಿದ್ದ ಹೇಳಲಿಲ್ಲ."

"ಕೇಳಿದ್ರ ಹೇಳತಿದ್ನಿ. ಅದೇನ ಹೇಳೂ ಮಾತಂತ ಅನಸಲಿಲ್ಲ ನನಗ."

"ನನಗೂ ಅನಸಲಿಲ್ಲ" ಎಂದಳು ಕಾಶಿಬಾಯಿ. ಒಳಗಿನಿಂದ ಸೊಸೆ ಇಣುಕಿ ಹೋದಳು. ಹೊರಗೆ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಹೋಯಿತು. ಅದರ ಸದ್ದು ಅಡಗಿದ ಮೇಲೆ ವಾಜಿದಾ ಎದ್ದಳು.

"ಐದ ದಿನಾ ಕೊಡ್ರಿ ವೈನಿ. ಹೊಸಾದು ಸುಡತೇನಿ. ಛಲೋ ನೀರ ಹಾಕಿ."

"ಅಲ್ಲೀತನಕ?"

ಟ್ಯಾಂಕರಿನದು ಕುಡಿಯಿರಿ ಅನ್ನುವ ಮಾತು ವಾಜಿದಾಳ ನಾಲಿಗೆಯ ತುದಿಗೆ ಬಂದು ಹಿಂದೆ ಹೋಯಿತು. ಕಾಶಿಬಾಯಿ ಅದನ್ನೂ ಓದಿಕೊಂಡಳೋ ಏನೋ, ಮುಖ ಗೋಡೆಯ ಕಡೆ ತಿರುಗಿಸಿದಳು.

ಟ್ಯಾಂಕರು ಬಂದ ದಿನ ವಾಜಿದಾ ತನ್ನ ಹತ್ತು ಕೊಡದಲ್ಲಿ ಎರಡನ್ನು ಕುಡಿಯಲು ಇಟ್ಟು ಎಂಟನ್ನು ಡ್ರಮ್ಮಿನ ಹತ್ತಿರ ಸಾಲಾಗಿ ಇಟ್ಟಳು. ತೊಳೆಯಲು ಇನ್ನೂ ಎರಡು ಬೇಕು. ಸಾಲಿನಲ್ಲಿದ್ದ ಸುಂದರಾಳನ್ನು ಕೇಳಿದಳು. ಸುಂದರಾಳ ಬಾಯಿ ಇಡೀ ಮಡ್ಡಿಗೆ ಗೊತ್ತಿದ್ದದ್ದು.

"ಬೆಂಕಿಗೆ ಕುಡಸಾಕ ನೀರ ಬೇಕಂತ! ನಮ್ಮ ಮನ್ಯಾಗ ಬಾಣಂತಿ ಅದಾಳ ಚಾಚಿ. ಕೂಸಿನ ಅರಿವಿ ಎರಡ ದಿನಾ ಆತು ಒಗದಿಲ್ಲ. ಆಕೀಗೆ ವ್ರತ ಬೇಕಾದ್ರ ಆಕಿ ಗಂಡ ಕಾರ್ಖಾನ್ಯಾಗ ಹೋಗಿ ಕೇಳಲಿ, ಕಬ್ಬ ಅಲ್ಲೇ ಹಾಕತಾನಲ್ಲ."

"ಹೌದ ಬಿಡವಾ" ಎಂದಳು ವಾಜಿದಾ. ಅದರಲ್ಲಿ ಸುಳ್ಳಿರಲಿಲ್ಲ. ಹೊತ್ತೇರಿದ ಮೇಲೆ ನೋಡಿದರೆ ಡ್ರಮ್ಮಿನ ಹತ್ತಿರ ಒಂದು ಕೊಡ ಹೆಚ್ಚಿಗೆ ಇತ್ತು. ಅದರ ಮೇಲೆ ಸುಂದರಾಳ ಮನೆಯ ಹಸಿರು ಮುಚ್ಚಳ ಇತ್ತು.

ಉರಿ ಹಚ್ಚಿದ್ದು ಮರುದಿನ ಬೆಳಗ್ಗೆ ಏಳಕ್ಕೆ. ಹತ್ತೂವರೆಗೆ ಹೊಗೆ ಹಳದಿಯಾಗಿದ್ದಾಗ ಕಾಕಾಸಾಹೇಬರ ಮನೆಯ ಮುಂದೆ ಗದ್ದಲ ಕೇಳಿಸಿತು. ಯಾರದೋ ಕಾರು ಬಂತು. ನಾಲ್ಕು ಜನ ಕಾಶಿಬಾಯಿಯನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಎರಡು ದಿನದಿಂದ ಅವಳು ನೀರನ್ನೇ ಬಿಟ್ಟಿದ್ದಳಂತೆ. ಬೆಳಗ್ಗೆ ಬಚ್ಚಲಿನಲ್ಲಿ ಬಿದ್ದಿದ್ದಳು. ವಾಜಿದಾ ಓಡಿದಳು, ಅರ್ಧ ದಾರಿಯಲ್ಲಿ ತಿರುಗಿ ಡ್ರಮ್ಮು ನೋಡಿದಳು. ಹೊಗೆ ತೆಳ್ಳಗಾಗುತ್ತಿತ್ತು. ಈಗ ಬಿಟ್ಟು ಹೋದರೆ ಎಲ್ಲ ಬೂದಿ. ಕಾರು ಅವಳ ಪಕ್ಕದಲ್ಲೇ ಹಾದುಹೋಯಿತು. ಕಾಕಾಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮಿರಜ ದವಾಖಾನಿಗೆ ಒಯ್ಯಾಕತ್ತೇವಿ" ಎಂದು ಕೂಗಿದರು.

ಅವಳು ಹಿಂದೆ ಬಂದು ಡ್ರಮ್ಮಿನ ಎದುರು ನಿಂತಳು. ಹೊಗೆ ನೀಲಿಯಾಯಿತು, ನಿಂತಿತು. ಮುಚ್ಚಳ ತೆಗೆದು ಒಂದರ ಹಿಂದೆ ಒಂದರಂತೆ ಎಂಟು ಕೊಡ ಒಳ್ಳೆಯ ನೀರನ್ನು ಕೆಂಡಕ್ಕೆ ಸುರಿದಳು. ಆವಿಯಲ್ಲಿ ಯಾವ ವಾಸನೆಯೂ ಇರಲಿಲ್ಲ. ಮರುದಿನ ಒಣಗಿದ ಒಂದು ತುಂಡನ್ನು ಕಲ್ಲಿನ ಮೇಲೆ ಬಿಟ್ಟಾಗ ಗಾಜಿನ ಬಳೆಯ ಹಾಗೆ ಖಣ್ ಎಂದಿತು. ಅಂಥ ಇದ್ದಿಲನ್ನು ಅವಳು ಬದುಕಿನಲ್ಲಿ ಸುಟ್ಟಿರಲಿಲ್ಲ.

ಕಾಶಿಬಾಯಿ ಮಿರಜಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಮೊದಲ ನಾಲ್ಕು ದಿನ ಪ್ರಜ್ಞೆ ಇರಲಿಲ್ಲ. ಸಲೈನು ಹಚ್ಚಿದರು, ಮೂಗಿನಲ್ಲಿ ನಳಿಗೆ ಹಾಕಿ ನೀರು, ಗಂಜಿ ಬಿಟ್ಟರು. ಕಾಕಾಸಾಹೇಬರು ಸಹಿ ಮಾಡುವ ಮುಂಚೆ ನರ್ಸಮ್ಮನನ್ನು, "ಇದು ಯಾ ನೀರ್ರಿ?" ಎಂದು ಕೇಳಿದರಂತೆ. ಅವಳು, "ನೀರಲ್ರೀ ಅಜ್ಜಾ, ಔಷಧ" ಅಂದಳಂತೆ. ಅವರು ಕನ್ನಡಕ ಒರೆಸಿ ಸಹಿ ಮಾಡಿದರು.

ಊರಿಗೆ ಬಂದ ಮೇಲೆ ಮೂರು ದಿನ ಕಾಶಿಬಾಯಿ ಬಾವಿಯ ಕಡೆ ಬರಲಿಲ್ಲ. ನಡೆಯಲು ಶಕ್ತಿ ಇಲ್ಲವೆಂದುಕೊಂಡ ವಾಜಿದಾ ನಾಲ್ಕನೆಯ ದಿನ ಹೊಸ ಇದ್ದಿಲಿನ ಗಂಟು ಹಿಡಿದು ಹೋದಳು. ಪಡಸಾಲೆಯಲ್ಲಿ ಮಂಚ ಅಲ್ಲೇ ಇತ್ತು. ಅಡುಗೆಮನೆಯ ಮೂಲೆಯಲ್ಲಿ ಗಡಿಗೆಗಳು ಇರಲಿಲ್ಲ. ಅಂಗಳದ ಗೋಡೆಗೆ ಬೋರಲು ಹಾಕಿದ್ದರು.

"ಈ ಸಲದ್ದು ನೋಡ್ರಿ ವೈನಿ. ಗಾಜಿನಂಗ ಆಗೇತಿ. ಸರ್ ನೋಡಿ, ಇದರಾಗ ಒಂದ ತಿಂಗಳ ನೀರ ಬರತೈತಿ ಅಂದಾರ."

ಕಾಶಿಬಾಯಿ ಗಂಟಿನ ಮೇಲೆ ಕೈ ಇಟ್ಟಳು. ಮಗುವಿನ ತಲೆಯ ಮೇಲೆ ಇಟ್ಟಂತೆ.

"ಇನ್ನ ಬ್ಯಾಡ ವಾಜಿದಾ."

"ಯಾಕ್ರಿ?"

"ಹೋತು. ನನಗ ಗೊತ್ತಿಲ್ಲದಂಗ ವ್ರತಾ ಹೋತು. ನಾಕ ದಿನಾ ಏನೇನ ಕುಡಸ್ಯಾರೋ. ಬಸದಿಗೆ ಹೋಗಿ ಕೇಳಿದ್ರ ಪ್ರಾಯಶ್ಚಿತ್ತಾ ಹೇಳತಾರ, ಮತ್ತ ಹಿಡಿ ಅಂತಾರ. ಹಿಡ್ಯಾಕ ಮನಸಿಲ್ಲ. ಈ ಬಾವಿ ನಂಬಿ ಮತ್ತೊಂದ ಸಲ ಮಾತ ಕೊಡಾಕ..." ಅವಳು ತುಟಿ ಸವರಿಕೊಂಡು, "ಸೊಸಿ ಹೊಲಕ್ಕ ಹೋಗ್ಯಾಳ. ಒಂದ ತಂಬಿಗಿ ನೀರ ಕೊಡತೀಯೇನ?" ಅಂದಳು.

ವಾಜಿದಾ ಸುತ್ತ ನೋಡಿದಳು. ಮೂಲೆಯಲ್ಲಿ ಟ್ಯಾಂಕರಿನ ನೀರಿನ ನೀಲಿ ಡ್ರಮ್ಮು ಇತ್ತು, ಅದರ ಪಕ್ಕ ತಂಬಿಗೆ. ಹೊಸ್ತಿಲು ದಾಟಿ ಒಳಗೆ ಹೋದಳು. ತಂಬಿಗೆ ಮುಳುಗಿಸಿ ತುಂಬಿದಳು. ತಂದು ಕೊಟ್ಟಳು. ಕಾಶಿಬಾಯಿ ಇಸಿದುಕೊಂಡು ನಿಲ್ಲಿಸದೆ ಕುಡಿದಳು. ಕುಡಿದು ತಂಬಿಗೆಯನ್ನು ಅವಳ ಕೈಗೇ ಹಿಂದೆ ಕೊಟ್ಟಳು. ಅದೇನೂ ದೊಡ್ಡ ಮಾತಲ್ಲ ಎಂಬಂತೆ ಇಬ್ಬರೂ ನಡೆದುಕೊಂಡರು. ಆದರೆ ವಾಜಿದಾಳಿಗೆ ಯಾರನ್ನೋ ಮಣ್ಣು ಮಾಡಿ ಬಂದ ದಿನದ ಹಾಗೆ ಎದೆ ಖಾಲಿಯಾಗಿತ್ತು. ಹಿಂದೆ ಸರಿಯುತ್ತಿದ್ದ ಆ ಎರಡು ಹೆಜ್ಜೆಯಲ್ಲಿ ತಾನೂ ಅವಳ ವ್ರತವನ್ನು ಕಾಯುತ್ತಿದ್ದೆನೆಂದು ಅವಳಿಗೆ ಗೊತ್ತಾದದ್ದು ಅದು ಇಲ್ಲವಾದ ಮೇಲೆ.

ಈಗ ಬಾವಿಯ ಆ ಕಡೆಯ ಗಾಲಿ ತಿರುಗುವುದಿಲ್ಲ. ವಾಜಿದಾ ಪಾತ್ರೆ ತಿಕ್ಕಲು, ಆಡಿಗೆ ಕುಡಿಸಲು ಈ ಕಡೆಯಿಂದ ಸೇದುತ್ತಾಳೆ. ಹಳದಿ ನೀರು ಕುಡಿದ ಆಡು ಒಮ್ಮೆ ತಲೆ ಕೊಡವಿ ಮತ್ತೆ ಕುಡಿಯುತ್ತದೆ. ಕಾಶಿಬಾಯಿಯನ್ನು ನೋಡಲು ಅವಳ ಮನೆಗೆ ಹೋಗುತ್ತಾಳೆ. ಇಬ್ಬರೂ ಒಂದೇ ಮಂಚದ ಮೇಲೆ ಕೂರುತ್ತಾರೆ. ಮಾತು ಬೇಗ ಮುಗಿಯುತ್ತದೆ.

ಏಪ್ರಿಲಿನಲ್ಲಿ ಸುಹಾಸ ಫೋನು ಮಾಡಿದ. ರಾಯಬಾಗದ ಕಡೆ ಒಂದು ಊರಲ್ಲಿ ಇದೇ ತೊಂದರೆ. ಬಾವಿ ಕೆಟ್ಟಿದೆ, ಜಾಲಿ ಬೇಕಾದಷ್ಟಿದೆ, ಸುಡಲು ಹೆಂಗಸರು ಸಿದ್ಧರಿದ್ದಾರೆ. ಉಳಿದ ಇದ್ದಿಲನ್ನು ಅಲ್ಲಿಗೆ ಕೊಡುವಿರಾ, ಬಂದು ಒಂದು ದಿನ ಹೊಗೆ ನೋಡುವುದನ್ನು ಕಲಿಸುವಿರಾ ಎಂದು ಕೇಳಿದ.

ವಾಜಿದಾ ಫೋನು ಹಿಡಿದುಕೊಂಡೇ ಡ್ರಮ್ಮಿನ ಹತ್ತಿರ ಹೋಗಿ ನಿಂತಳು. ಆ ಕಡೆಯಿಂದ ಅವನು "ಚಾಚಿ, ಕೇಳಸ್ತೈತೇನ?" ಎಂದು ಎರಡು ಸಲ ಕರೆದ.

"ಕೇಳಸ್ತೈತ್ರಿ" ಎಂದಳು ಆಮೇಲೆ. "ಬರತೇನಿ. ಹೊಗಿ ಅವರು ತಾವ ಕಲೀತಾರ, ಕಣ್ಣ ಇದ್ದವರಿಗೆ ಅದು ಬರತೈತಿ. ಆ ಊರಾಗ ಛಲೋ ನೀರ ಎಷ್ಟ ಸಿಗತೈತಿ, ಎಲ್ಲಿಂದ ಸಿಗತೈತಿ, ಅದನ್ನ ಕೇಳಿ ಇಡ್ರಿ. ಅದು ಸಾಲಲಿಲ್ಲ ಅಂದ್ರ ಉರಿ ಹಚ್ಚೂದ ಬ್ಯಾಡ."